ಲಾರಿ ಬಿಟ್ಟು ವ್ಯಾನು ಹಿಡಿದ ಮಳೆಗಾಲ

ಪಾಸಿಂಗಿಗೆಂದು ಹೋದ ನಮ್ಮ ಹಳೆಯ ಲಾರಿ ಆ ವರ್ಷದ ಮೇ ತಿಂಗಳಲ್ಲಿ ಫೇಲಾಗಿ ಬಂತು. ಚಾಸಿ ಎರಡು ಕಡೆ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಸಿ ಬಣ್ಣ ಬಳಿದದ್ದನ್ನು ತಪಾಸಣೆಯವರು ಉಗುರಿನಿಂದಲೇ ಕೆರೆದು ನೋಡಿ ತಲೆ ಅಲ್ಲಾಡಿಸಿದರು. ಹಳಿಯಾಳದ ಮಾಲೀಕರ ಮನೆಯ ಮುಂದೆ ಅದನ್ನು ನಿಲ್ಲಿಸಿ ಕೀಲಿಯನ್ನು ವೈನಿಯ ಕೈಗೆ ಕೊಟ್ಟೆ. ಒಂಬತ್ತು ವರ್ಷ ಓಡಿಸಿದ ಗಾಡಿ. ಕೀಲಿ ಕೊಟ್ಟ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ವೈನಿ ಎಂದರೆ ಮಾಲೀಕರ ಹೆಂಡತಿ. ಮಾಲೀಕರನ್ನು ನಾವು ಅಣ್ಣಾರು ಎನ್ನುತ್ತಿದ್ದೆವು. ಹಿಂದಿನ ವರ್ಷ ಅವರಿಗೆ ಹೃದಯದ ಆಪರೇಶನ್ ಆಗಿತ್ತು. ಆಮೇಲಿನಿಂದ ಟ್ರಾನ್ಸ್‌ಪೋರ್ಟನ್ನು ನಡೆಸುತ್ತಿದ್ದವರು ವೈನಿಯೇ. ಪಡಸಾಲೆಯಲ್ಲಿ ಒಂದು ಮೇಜು, ಫೋನು, ಮಾಲಿನ ಜೊತೆ ಹೋಗುವ ಬಿಲ್ಟಿಗಳ ಪುಸ್ತಕ. ಅಷ್ಟೇ ನಮ್ಮ ಆಫೀಸು. ಬಿಲ್ಟಿಯ ಮೇಲೆ ಮಾಲು ಪಡೆದವರ ಸಹಿ ಮತ್ತು ಸಿಕ್ಕಾ, ಅಂದರೆ ಅವರ ರಬ್ಬರ್ ಮುದ್ರೆ, ಇಲ್ಲದಿದ್ದರೆ ವೈನಿ ಅದನ್ನು ಮುಟ್ಟುತ್ತಿರಲಿಲ್ಲ. ಸಿಕ್ಕಾಕ್ಕಾಗಿಯೇ ನನ್ನನ್ನು ಎರಡು ಸಲ ಧಾರವಾಡಕ್ಕೆ ವಾಪಸು ಓಡಿಸಿದ್ದುಂಟು.

ಲಾರಿ ನಿಂತ ವಾರವೇ ದಾಂಡೇಲಿಯ ಒಂದು ಕಾರ್ಖಾನೆಯಿಂದ ಕರೆ ಬಂತು. ಅಲ್ಲಿನ ಉಗ್ರಾಣ ನೋಡಿಕೊಳ್ಳುವ ಸಾಹೇಬರು ವೈನಿಯನ್ನೂ ನನ್ನನ್ನೂ ಕೂರಿಸಿಕೊಂಡು ಮಾತಾಡಿದರು.

“ನೋಡ್ರಿ, ಮಷೀನು ನಿಂತಾಗ ನಮಗ ಒಂದು ಬೇರಿಂಗ್ ಸಲುವಾಗಿ ಎರಡು ದಿನ ಕಾಯಾಕ ಆಗೂದಿಲ್ಲ. ಮುಂಜಾನಿ ಫೋನ್ ಮಾಡಿದ್ರ ಸಂಜಿ ಒಳಗ ಮಾಲು ಇಲ್ಲಿ ಇಳೀಬೇಕು. ಅದಕ್ಕಂತ ಒಂದು ಗಾಡಿ ಕಾಯಂ ಇಡ್ರಿ. ಮಳಿಗಾಲ ಮುಗಿಯೂ ಮಟ ನೋಡ್ತೇನಿ. ಚಲೋ ನಡೀತಂದ್ರ ವರ್ಷದ ಕೆಲಸ ನಿಮಗ.”

ಹೊಸ ಗಾಡಿ ಹೇಗೂ ಕೊಳ್ಳಲೇಬೇಕಿತ್ತು. ಯಾವುದು ಎಂಬುದೇ ಪ್ರಶ್ನೆ. ನಮ್ಮ ಕೈಗೆಟುಕುವಂಥವು ಎರಡಿದ್ದವು: ಐದು ಟನ್ ಹೊರುವ ಆರು ಚಕ್ರದ ಲಾರಿ, ಇಲ್ಲವೇ ಒಂದು ಟನ್ ಹೊರುವ, ಮೈಯೆಲ್ಲ ತಗಡಿನಿಂದ ಮುಚ್ಚಿದ, ಹಿಂದೆ ಎರಡು ಬಾಗಿಲಿನ ವ್ಯಾನು.

ಅಣ್ಣಾರು ಹಾಸಿಗೆಯ ಮೇಲಿಂದಲೇ ಹೇಳಿದರು: “ಲಾರಿನ ತಗೋರಿ. ದೊಡ್ಡ ಗಾಡಿಯೊಳಗ ಸಣ್ಣ ಮಾಲು ಹಿಡಿಸ್ತದ, ಸಣ್ಣ ಗಾಡಿಯೊಳಗ ದೊಡ್ಡ ಮಾಲು ಹಿಡಿಸೂದಿಲ್ಲ.”

ನನಗೂ ಲಾರಿಯೇ ಬೇಕಿತ್ತು. ನಮ್ಮ ಸಿದ್ದಿ ಕೇರಿಯಲ್ಲಿ ಭಾರಿ ವಾಹನದ ಲೈಸೆನ್ಸು ಪಡೆದ ಮೊದಲಿಗ ನಾನು. ಊರಿಗೆ ಲಾರಿ ತೆಗೆದುಕೊಂಡು ಹೋದ ದಿನ ಅವ್ವ ಗಾಲಿಯ ಎತ್ತರಕ್ಕೆ ತನ್ನ ಹೆಗಲು ಅಳೆದು ನೋಡಿ ನಕ್ಕಿದ್ದಳು. ಲಾರಿ ಬಿಟ್ಟು ವ್ಯಾನು ಓಡಿಸುವುದೆಂದರೆ ನನ್ನ ಮನಸ್ಸಿಗೆ ಒಂದು ಮೆಟ್ಟಿಲು ಕೆಳಗಿಳಿದಂತೆ.

ಆದರೆ ವೈನಿ ಅಂದಾಜಿನ ಮೇಲೆ ನಡೆಯುವವರಲ್ಲ. ಹಿಂದಿನ ವರ್ಷದ ಬಿಲ್ಟಿ ಪುಸ್ತಕಗಳನ್ನು ತೆಗೆದು ನನ್ನ ಮುಂದಿಟ್ಟರು. “ತಮ್ಮಾ, ಇದರಾಗ ಅರ್ಜೆಂಟ್ ಅಂತ ಒಯ್ದ ಮಾಲು ಯಾವ್ಯಾವು, ಅಷ್ಟ ಹೇಳು. ಉದ್ದ ಎಷ್ಟಿತ್ತು, ವಜನ ಎಷ್ಟಿತ್ತು.”

ಎರಡು ದಿನ ಅದೇ ಕೆಲಸ. ನಾನು ನೆನಪು ಮಾಡಿಕೊಂಡು ಹೇಳಿದೆ, ಅವರು ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಂಡರು. ಬೇರಿಂಗು, ಮಷೀನಿನ ಪಟ್ಟಾ, ಸುರುಳಿ ಸುತ್ತಿಸಿ ತಂದ ಮೋಟಾರು, ಗಾಜಿನ ಜಾಡಿಯಲ್ಲಿ ಆಸಿಡ್, ವಿದ್ಯುತ್ ಫಲಕ. ಹತ್ತರಲ್ಲಿ ಎಂಟು ಮಾಲು ಅರ್ಧ ಟನ್ನೂ ಇರಲಿಲ್ಲ. ಹೆಚ್ಚಿನವು ಒಂದು ಹನಿ ನೀರು ಬಿದ್ದರೂ ಕೆಡುವಂಥವು. ತಾಡಪತ್ರಿ ಬಿಗಿದು, ಹಗ್ಗ ಕಟ್ಟಿ, ಪ್ರತಿಯೊಂದು ಫಾರೆಸ್ಟ್ ನಾಕೆಯಲ್ಲೂ ಅದೇ ಹಗ್ಗ ಬಿಚ್ಚಿ ತೋರಿಸಿ ಮತ್ತೆ ಕಟ್ಟುವುದರಲ್ಲಿ ನಾನು ಕಳೆದ ಹೊತ್ತು ಎಷ್ಟೆಂದು ಆ ದಿನವೇ ನನಗೆ ಅರಿವಾದದ್ದು.

ಮೂರನೆಯ ದಿನ ಬೆಳಿಗ್ಗೆ ಹೋದರೆ ವೈನಿ ಅಂಗಳದಲ್ಲಿ ರಂಗೋಲಿ ಪುಡಿ ಹಿಡಿದು ಕುಳಿತಿದ್ದರು. ಟೇಪು ಹಿಡಿದು ಒಂಬತ್ತು ಅಡಿ ಉದ್ದ ಐದು ಅಡಿ ಅಗಲದ ಒಂದು ಚೌಕ, ಪಕ್ಕದಲ್ಲಿ ಹದಿನಾಲ್ಕು ಅಡಿಯದು ಇನ್ನೊಂದು. ಒಂದು ವ್ಯಾನಿನ ನೆಲ, ಇನ್ನೊಂದು ಲಾರಿಯ ನೆಲ. ಮನೆಯ ಖಾಲಿ ಪೆಟ್ಟಿಗೆ, ಹಿಟ್ಟಿನ ಡಬ್ಬಿ, ಮುರಿದ ಕುರ್ಚಿಗಳನ್ನೆಲ್ಲ ತಂದು ಒಂದೊಂದು ಬಿಲ್ಟಿಯ ಮಾಲಿನ ಅಳತೆಗೆ ಸರಿಯಾಗಿ ಜೋಡಿಸಿ ನೋಡಿದೆವು. ಪಕ್ಕದ ಮನೆಯವರು ಗೋಡೆಯ ಮೇಲಿಂದ “ಏನ್ ಹಬ್ಬ ಐತ್ರಿ ಇವತ್ತ?” ಎಂದು ಕೇಳಿದರು.

“ಗಾಡಿ ಹಬ್ಬ” ಎಂದರು ವೈನಿ, ತಲೆ ಎತ್ತದೆ.

ದೊಡ್ಡ ಚೌಕದ ಅರ್ಧ ಭಾಗ ಪ್ರತಿ ಸಲವೂ ಖಾಲಿ ಉಳಿಯಿತು. ಸಣ್ಣ ಚೌಕದಲ್ಲಿ ಹಿಡಿಸದೇ ಇದ್ದವು ಇಡೀ ವರ್ಷಕ್ಕೆ ಬೆರಳೆಣಿಕೆಯಷ್ಟು. ಆ ಖಾಲಿ ಜಾಗವನ್ನು ನೋಡುತ್ತ ನಿಂತಾಗ ನನಗೆ ನಾನೇ ಹೇಳಿಕೊಂಡೆ: ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಗಾಳಿಯನ್ನು.

“ವೈನಿ, ವ್ಯಾನ ತಗೊಳೂಣು” ಎಂದೆ.

ಅವರು ನನ್ನ ಮುಖ ನೋಡಿದರು. “ಓಡ್ಸಾಂವ ನೀ. ಮನಸಿನಿಂದ ಹೇಳ್ತಿಯೋ, ನನ್ನ ರಂಗೋಲಿ ನೋಡಿ ಹೇಳ್ತಿಯೋ?”

“ರಂಗೋಲಿ ನೋಡೇ ಹೇಳ್ತೇನ್ರಿ. ಮನಸು ಆಮ್ಯಾಲೆ ಬರ್ತದ.”

ಜೂನ್ ಮೊದಲ ವಾರ ವ್ಯಾನು ಬಂತು. ಸ್ಟ್ಯಾಂಡಿನಲ್ಲಿ ಲಾರಿ ಡ್ರೈವರರು ಸುತ್ತುವರಿದು ಬ್ರೆಡ್ಡು ಎಲ್ಲಿ, ಬಿಸ್ಕೀಟು ಎಲ್ಲಿ ಎಂದು ಹಿಂದಿನ ಬಾಗಿಲು ತೆಗೆದು ನೋಡಿದರು. ನಾನೂ ನಕ್ಕೆ. ಮನೆಗೆ ಹೋಗಿ ಊಟ ಸೇರಲಿಲ್ಲ.

ಮೊದಲ ಎರಡು ವಾರ ಚೆನ್ನಾಗಿಯೇ ನಡೆಯಿತು. ಹುಬ್ಬಳ್ಳಿಯಲ್ಲಿ ಹತ್ತಕ್ಕೆ ತುಂಬಿದ ಮೋಟಾರು ಮಧ್ಯಾಹ್ನದ ಊಟದ ಹೊತ್ತಿಗೆ ದಾಂಡೇಲಿಯಲ್ಲಿ ಇಳಿಯಿತು. ಹುಬ್ಬಳ್ಳಿಯ ಗೋದಾಮುಗಳಲ್ಲಿ ನನ್ನ ಗುಂಗುರು ಕೂದಲು ನೋಡಿ “ಯಾವ ದೇಶದವ್ರು?” ಎಂದು ಕೇಳುವವರು ಆಗಲೂ ಇದ್ದರು. “ಹಳಿಯಾಳ ತಾಲೂಕು” ಎಂದು ಹೇಳಿ ಮಾಲು ಎಣಿಸಿಕೊಳ್ಳುತ್ತಿದ್ದೆ. ನಾಕೆಯಲ್ಲಿ ಹಿಂದಿನ ಬಾಗಿಲು ತೆರೆದರೆ ಎರಡು ನಿಮಿಷದಲ್ಲಿ ತಪಾಸಣೆ ಮುಗಿಯುತ್ತಿತ್ತು.

ಮೂರನೆಯ ವಾರ ಪೆಟ್ಟು ಬಿತ್ತು. ಕಾರ್ಖಾನೆಯಿಂದ ಫೋನು: ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಒಂದು ಶಾಫ್ಟು ತಯಾರಿದೆ, ಕೂಡಲೇ ತನ್ನಿ. ನಾನು ಗಾಡಿ ಹಾರಿಸಿಕೊಂಡು ಹೋದೆ. ಶಾಫ್ಟು ಹನ್ನೆರಡು ಅಡಿ ಉದ್ದವಿತ್ತು. ಓರೆಯಾಗಿ ಇಟ್ಟರೂ ಬಾಗಿಲಿನಿಂದ ಒಂದೂವರೆ ಅಡಿ ಹೊರಗೆ. ಬಾಗಿಲು ಕಟ್ಟಿಕೊಂಡು ತರುತ್ತೇನೆಂದರೆ ವರ್ಕ್‌ಶಾಪಿನವರು ಒಪ್ಪಲಿಲ್ಲ. ತುದಿಗೆ ಎಲ್ಲಾದರೂ ತಾಗಿದರೆ ಕೆಲಸವೆಲ್ಲ ಹಾಳು ಎಂದರು. ಅವರು ಹೇಳಿದ್ದು ಸರಿ ಇತ್ತು. ಖಾಲಿ ಗಾಡಿ ತಿರುಗಿಸಿಕೊಂಡು ದಾಂಡೇಲಿಗೆ ಬಂದು ಸಾಹೇಬರ ಮುಂದೆ ನಿಂತೆ.

“ಅಳತಿ ಕೇಳದ ಹೆಂಗ ಹೋದ್ರಿ?” ಎಂದಷ್ಟೇ ಕೇಳಿದರು ಅವರು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಸಂಜೆ ನಾನು ವೈನಿಗೆ ತಪ್ಪು ನನ್ನದೆಂದೆ. ಅವರು ಫೋನು ಎತ್ತಿದ್ದು ತಾವು, ಆದ್ದರಿಂದ ತಪ್ಪು ತಮ್ಮದೆಂದರು. ಕೊನೆಗೆ ಇಬ್ಬರೂ ಸೇರಿ ಒಂದು ರಟ್ಟಿನ ಮೇಲೆ ಆರು ಪ್ರಶ್ನೆ ಬರೆದು ಫೋನಿನ ಪಕ್ಕ ತೂಗುಹಾಕಿದೆವು. ಉದ್ದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು, ವಜನ ಎಷ್ಟು, ನೀರು ತಾಗಬಹುದೇ, ಇಳಿಸುವ ಕಡೆ ಎತ್ತಲು ಏನಿದೆ. ಆರಕ್ಕೂ ಉತ್ತರ ಸಿಗುವವರೆಗೆ ಗಾಡಿ ಕದಲಬಾರದು. ಹಿಡಿಸದ ಮಾಲಾದರೆ ಕೂಡಲೇ ಹೇಳಿ, ಗುರುತಿನ ಲಾರಿಯವರ ನಂಬರು ಕೊಡಬೇಕು.

ಎತ್ತಲು ಏನಿದೆ ಎಂಬ ಆರನೆಯ ಪ್ರಶ್ನೆಯನ್ನು ಸೇರಿಸಿದವನು ನಾನು. ಹಿಂದಿನ ವಾರ ಮುಂಡಗೋಡದ ಒಂದು ಅಕ್ಕಿ ಗಿರಣಿಗೆ ಮೋಟಾರು ಒಯ್ದಾಗ ಅದು ಹೊಳೆದದ್ದು. ಅಲ್ಲಿ ಕ್ರೇನಿರಲಿಲ್ಲ, ಸರಪಳಿ ರಾಟೆ ಇರಲಿಲ್ಲ. ಲಾರಿಯ ನೆಲ ಎದೆಯೆತ್ತರ ಇರುತ್ತದೆ. ವ್ಯಾನಿನ ನೆಲ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಎರಡು ಹಲಗೆ ಇಟ್ಟು ಮೂವರು ಸೇರಿ ಮೋಟಾರನ್ನು ಜಾರಿಸಿ ಇಳಿಸಿಬಿಟ್ಟೆವು. ವ್ಯಾನಿನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಆ ಗಿರಣಿಯ ಬಾಗಿಲಲ್ಲಿ.

ಜುಲೈ ಕೊನೆಗೆ ಮಳೆ ಬಿಡದೆ ಹಿಡಿಯಿತು. ಜೋಯಿಡಾ ಕಡೆ ಕಂಬಗಳು ಉರುಳಿ ಕರೆಂಟು ಹೋಗಿ ದಿನಗಳಾಗಿದ್ದವು. ಒಂದು ಬೆಳಿಗ್ಗೆ ಅಣಶಿ ದಾಟಿದ ಮೇಲಿನ ಒಂದು ಸಣ್ಣ ಆಸ್ಪತ್ರೆಯವರಿಂದ ವಿಚಾರಣೆ ಬಂತು. ಅಲ್ಲಿನ ಜನರೇಟರು ಕೆಟ್ಟುಹೋಗಿದೆ, ಬದಲಿಗೆ ಹುಬ್ಬಳ್ಳಿಯಲ್ಲಿ ಒಂದು ಸಿಕ್ಕಿದೆ, ಒಯ್ಯುತ್ತೀರಾ? ವೈನಿ ರಟ್ಟು ನೋಡಿ ಆರು ಪ್ರಶ್ನೆ ಕೇಳಿದರು. ವಜನ ಒಂದು ಟನ್ನಿನ ಮೇಲೆ ನೂರೈವತ್ತು ಕಿಲೋ. “ನಮ್ಮ ಗಾಡಿಗೆ ಆಗೂದಿಲ್ರಿ” ಎಂದು ಹೇಳಿ ಲಾರಿಯವರ ನಂಬರು ಕೊಟ್ಟರು. ನಿಯಮದ ಪ್ರಕಾರ ಅದು ಸರಿ.

ಮರುದಿನ ಮಧ್ಯಾಹ್ನ ಫೋನಿನಲ್ಲಿ ಆಸ್ಪತ್ರೆಯ ಡಾಕ್ಟರೇ ಇದ್ದರು. ಹೆಣ್ಣುಮಗಳ ದನಿ. ಆಸ್ಪತ್ರೆಯ ಫೋನು ಸತ್ತಿದ್ದರಿಂದ ಜೋಯಿಡಾದವರೆಗೆ ಬಂದು ಮಾತಾಡುತ್ತಿದ್ದರು. ವೈನಿ ಫೋನನ್ನು ನನಗೆ ಕೊಟ್ಟರು.

“ಲಾರಿ ಜೋಯಿಡಾ ದಾಟಿ ಬಂತ್ರಿ, ಆದ್ರ ಮುಂದಿನ ಮೋರಿ ಅರ್ಧ ಕುಸದದ. ದೊಡ್ಡ ಗಾಡಿ ಬಿಡವೊಲ್ಲರು. ಡ್ರೈವರ್ ಜನರೇಟರ್ ವಾಪಸ್ ಒಯ್ದು ದಾಂಡೇಲಿಯೊಳಗ ಒಬ್ಬ ಮಿಸ್ತ್ರಿ ಅಂಗಳದಾಗ ಇಳಿಸ್ಯಾನ. ನಿಮ್ಮದು ಸಣ್ಣ ಗಾಡಿ ಅಂತ ಅಂವನ ಹೇಳಿದ.”

“ಡಾಕ್ಟರ್ ಬಾಯಿ, ವಜನ ಭಾಳ ಆಗ್ತದ್ರಿ” ಎಂದೆ.

“ನನ್ನ ಕಡೆ ದಿನ ತುಂಬದ ಹುಟ್ಟಿದ ಒಂದು ಕೂಸು ಅದ್ರಿ. ಬಲ್ಬಿನ ಶಾಖದಾಗ ಇಡಬೇಕು. ಕರೆಂಟ್ ಇಲ್ಲ. ಆ ಮೋರಿ ದಾಟಿಸಿ, ಈ ಮಳಿಯೊಳಗ ಅದನ್ನ ಹೊರಗ ಒಯ್ಯಾಕ ನನಗ ಧೈರ್ಯ ಸಾಲವೊಲ್ದು. ತಾಯಿ, ಅಜ್ಜಿ ಪಾಳಿ ಮ್ಯಾಲೆ ಎದಿಗೆ ಅವಚಿಕೊಂಡು ಕೂತಾರ. ಇನ್ನ ಎಷ್ಟು ದಿನ ಹಂಗ ಕೂಡಬೇಕು?”

ನಾನು ಫೋನು ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿದೆ. ಮೋರಿಯ ಮೇಲೆ ಎಷ್ಟು ಭಾರ ಬಿಡುತ್ತಾರೆ ಎಂದು ಕೇಳಿದೆ. ಗಾಡಿ ಸೇರಿ ಮೂರು ಟನ್ ಎಂದು ಬೋರ್ಡು ಹಾಕಿದ್ದಾರೆ ಎಂದರು. ಖಾಲಿ ವ್ಯಾನೇ ಒಂದೂಮುಕ್ಕಾಲು ಟನ್. ಜನರೇಟರು ಇಡಿಯಾಗಿ ಹೇರಿದರೆ ಗಾಡಿಗೂ ಹೆಚ್ಚು, ಮೋರಿಗೂ ಅಂಚಿಗೆ ಬಂತು. ಬಿಡಿಯಾಗಿ ಹೇರಿದರೆ?

“ನಾಳೆ ಸಂಜಿ ಒಳಗ ಮುಟ್ಟಿಸ್ತೇನ್ರಿ” ಎಂದೆ. ಹೇಳಿ ಮುಗಿದ ಮೇಲೆ ವೈನಿಯ ಮುಖ ನೋಡಿದೆ. ಅವರು ಆಗಲೇ ಬಿಲ್ಟಿ ಬರೆಯತೊಡಗಿದ್ದರು. ಆಮೇಲೆ ಕಾರ್ಖಾನೆಯ ಸಾಹೇಬರಿಗೆ ಫೋನು ಮಾಡಿ ನಾಳೆಯ ದಿನ ಗಾಡಿ ಸಿಗದೆಂದು ತಿಳಿಸಿದರು.

ಬೆಳಕು ಹರಿಯುವಷ್ಟರಲ್ಲಿ ದಾಂಡೇಲಿಯ ಮಿಸ್ತ್ರಿಯ ಅಂಗಳದಲ್ಲಿದ್ದೆ. ಅರವತ್ತು ದಾಟಿದ ಮನುಷ್ಯ. ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದರು. ಜನರೇಟರೆಂದರೆ ಕಬ್ಬಿಣದ ಒಂದು ಚೌಕಟ್ಟು, ಅದರ ಮೇಲೆ ಡೀಸೆಲ್ ಇಂಜಿನ್ನು, ಅದರ ಬೆನ್ನಿಗೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರು. ನನ್ನ ವಿಚಾರ ಕೇಳಿ ಚಾಚಾ ಎರಡೂ ಕೈ ಎತ್ತಿದರು.

“ಬಿಚ್ಚಾಕ ಅರ್ಧ ತಾಸು ಸಾಕು ಬೇಟಾ. ಜೋಡ್ಸಾಕ? ಎರಡೂ ಒಂದ ಗೆರಿ ಮ್ಯಾಲೆ ಕೂಡಬೇಕು. ಕೂದಲೆಳಿ ಆಕಡೆ ಈಕಡೆ ಆದ್ರ ನಡಗಾಕ ಹತ್ತತದ. ವಾರದಾಗ ಬೇರಿಂಗ್ ಹೋಗತದ. ನನ್ನ ಹೆಸರು ಹೋಗತದ.”

“ಬಿಚ್ಚೂಕಿಂತ ಮೊದಲ ಗುರ್ತು ಮಾಡೂಣು ಚಾಚಾ. ಎಲ್ಲಿ ಇತ್ತೋ ಅಲ್ಲೇ ಕೂಡ್ರಿಸಿದ್ರ?”

ಅವರು ಬೀಡಿ ಆರಿಸಿದರು. ಆಮೇಲೆ ಉಳಿ ತಂದರು. ಇಂಜಿನ್ನಿನ ಪ್ರತಿ ಕಾಲಿನಿಂದ ಚೌಕಟ್ಟಿನವರೆಗೆ ಒಂದೇ ಗೆರೆ ಬರುವಂತೆ ಉಳಿಯಿಂದ ಕೆತ್ತಿದೆವು. ಎರಡನ್ನೂ ಜೋಡಿಸುವ ಕಪ್ಲಿಂಗಿನ ಮೇಲೂ ಹಾಗೆಯೇ. ಒಂದೊಂದು ಕಾಲಿನ ಕೆಳಗೆ ಎತ್ತರ ಸರಿಪಡಿಸಲು ಇಟ್ಟಿದ್ದ ತೆಳುವಾದ ತಗಡಿನ ಚೂರುಗಳಿದ್ದವು. ಅವನ್ನು ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿ, ಎಡ ಮುಂದೆ, ಬಲ ಹಿಂದೆ ಎಂದು ಚೀಟಿ ಹಚ್ಚಿದೆವು. ಬೋಲ್ಟುಗಳನ್ನು ಅವುಗಳ ತೂತಿನ ಕ್ರಮದಲ್ಲಿಯೇ ಒಂದು ಹಲಗೆಗೆ ಸಿಕ್ಕಿಸಿದೆವು. ಇಂಜಿನ್ನನ್ನು ರಾಟೆಯಿಂದ ಎತ್ತಿ ಎರಡು ದಪ್ಪ ಮತ್ತಿ ಕಟ್ಟಿಗೆಯ ಮೇಲೆ ಕೂರಿಸಿ ಬೋಲ್ಟು ಬಿಗಿಸಿದೆ. ಅದೇಕೆ ಎಂದು ಚಾಚಾ ಕೇಳಿದರು. ಆಸ್ಪತ್ರೆಯಲ್ಲಿ ರಾಟೆ ಇಲ್ಲ, ಜಾರಿಸಲು ಬೇಕಾಗುತ್ತದೆ ಎಂದೆ.

ಭಾರವಾದ ಇಂಜಿನ್ನನ್ನೇ ಮೊದಲು ಒಯ್ಯೋಣ, ಮಳೆ ಸ್ವಲ್ಪ ಕಡಿಮೆಯಿದೆ ಎಂಬುದು ನನ್ನ ಮನಸ್ಸಿನಲ್ಲಿತ್ತು. ಚಾಚಾ ತಡೆದರು. “ಮೊದಲ ಇಂಜಿನ್ ಒಯ್ದು ಎಲ್ಲಿ ಕೂಡ್ರಸ್ತಿ? ಚೌಕಟ್ಟು ಬರೂ ಮಟ ಅದು ಸುಮ್ಮನ ಕೂಡಬೇಕು. ಚೌಕಟ್ಟು, ಆಲ್ಟರ್ನೇಟರ್, ರೇಡಿಯೇಟರ್, ನಾನು, ಇಷ್ಟು ಮೊದಲ. ನೀ ತಿರುಗಿ ಹೋಗಿ ಇಂಜಿನ್ ತರೂದರಾಗ ನಾ ಅಲ್ಲಿ ಮಟ್ಟ ಮಾಡಿ ಇಡ್ತೇನಿ.” ಎರಡು ತಾಸು ಉಳಿಸಿದ ಮಾತು ಅದು. ನನಗೆ ಹೊಳೆದಿರಲಿಲ್ಲ.

ಒಂಬತ್ತಕ್ಕೆ ಹೊರಟೆವು. ಜೋಯಿಡಾ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗಿತ್ತು. ಮೋರಿಯ ಹತ್ತಿರ ಹಗ್ಗ ಕಟ್ಟಿ ಕೆಂಪು ಬಟ್ಟೆ ಇಳಿಬಿಟ್ಟಿದ್ದರು. ಎಡಬದಿಯ ಕಲ್ಲುಕಟ್ಟಡ ಕೊಚ್ಚಿಹೋಗಿ ಅರ್ಧ ರಸ್ತೆ ಬಾಯ್ದೆರೆದಿತ್ತು. ಉಳಿದ ಅರ್ಧದ ಮೇಲೆ ದಪ್ಪ ಹಲಗೆ ಹಾಸಿದ್ದರು. ರಸ್ತೆ ಗ್ಯಾಂಗಿನ ಮೇಲ್ವಿಚಾರಕ ಮುಕಾದಮ ಕೊಂಕಣಿ ಮಾತಾಡುವ, ಒಣಕಲು ದೇಹದ ಮನುಷ್ಯ. ಹಿಂದಿನ ಬಾಗಿಲು ತೆಗೆಸಿ ನೋಡಿ, ಬಿಲ್ಟಿಯ ಮೇಲಿನ ವಜನ ಓದಿಸಿ ಕೇಳಿ, ಚಾಚಾರನ್ನು ಕೆಳಗಿಳಿಸಿದ. “ಸಾವಕಾಶ, ಸಾವಕಾಶ” ಎನ್ನುತ್ತ ತಾನೇ ಮುಂದೆ ಹಿಮ್ಮುಖವಾಗಿ ನಡೆದು ನನ್ನನ್ನು ದಾಟಿಸಿದ.

ಆಸ್ಪತ್ರೆ ಎಂದರೆ ಹಂಚಿನ ಮಾಡಿನ ನಾಲ್ಕು ಕೋಣೆ. ಹಿಂದೆ ಜನರೇಟರಿನ ತಗಡಿನ ಶೆಡ್ಡು. ಡಾಕ್ಟರ್ ಬಾಯಿ ಹೊರಗೆ ಬಂದು ಗಾಡಿಯೊಳಗೆ ಇಣುಕಿ, “ಇಷ್ಟೇನ?” ಎಂದರು. ಉಳಿದದ್ದು ಸಂಜೆಯೊಳಗೆ ಎಂದು ಹೇಳಿ, ಚಾಚಾರನ್ನು ಸಾಮಾನಿನ ಜೊತೆ ಇಳಿಸಿ, ಮಳೆ ಹೆಚ್ಚಿದರೆ ಕೈ ಬೇಕಾದೀತೆಂದು ಅಲ್ಲಿನ ಇಬ್ಬರು ಆಳುಗಳನ್ನು ಮೋರಿಯವರೆಗೆ ಬಂದು ಕಾಯಲು ಹೇಳಿ, ಚಹಾ ಕೂಡ ಕುಡಿಯದೆ ತಿರುಗಿದೆ.

ಇಂಜಿನ್ನು ಹೇರಿಕೊಂಡು ಎರಡನೆಯ ಸಲ ಮೋರಿಗೆ ಬಂದಾಗ ಮೂರು ಗಂಟೆಯ ಸುಮಾರು. ಮಳೆ ಜಡಿಯುತ್ತಿತ್ತು. ಹಳ್ಳದ ನೀರಿನ ಬಣ್ಣ ಬದಲಾಗಿತ್ತು. ಮುಕಾದಮ ದೂರದಿಂದಲೇ ಎರಡೂ ಕೈ ಅಡ್ಡ ಬೀಸಿದ.

“ಹಲಗಿ ಸರದಾವ. ಒಂದು ಕಲ್ಲು ಮತ್ತ ಬಿತ್ತು. ಖಾಲಿ ಗಾಡಿ ಬೇಕಾರ ಬಿಡ್ತೇನಿ. ಮಾಲು ಹೇರಿದ್ದು ಬಿಡೂದಿಲ್ಲ.”

“ಬೋರ್ಡ್ ಮ್ಯಾಲೆ ಮೂರು ಟನ್ ಐತಲ್ರಿ. ನಂದು ಎರಡೂವರಿ ಸುದ್ದಾ ಇಲ್ಲ.”

“ಬೋರ್ಡ್ ಬರದಾಂವ ಮೊನ್ನೆ ಬರದಾನ. ನಾ ಇವತ್ತ ನೋಡೇನಿ.”

ಕೆಳಗಿಳಿದು ಹಲಗೆಯ ಮೇಲೆ ನಡೆದು ನೋಡಿದೆ. ಬಲಬದಿ ಗಟ್ಟಿ ಇತ್ತು. ಎಡಗಾಲಿ ಹಾಯುವ ಕಡೆ ಕಾಲಿಟ್ಟರೆ ಹಲಗೆ ಮಿಸುಕುತ್ತಿತ್ತು. ಹಾರಿಸಿಕೊಂಡು ದಾಟಿಬಿಡೋಣ ಎಂಬ ವಿಚಾರ ಬಂದದ್ದು ಸುಳ್ಳಲ್ಲ. ಇಪ್ಪತ್ತೇ ಅಡಿ. ಆದರೆ ಗಾಡಿ ಬಿದ್ದರೆ ಗಾಡಿಯಷ್ಟೇ ಹೋಗುವುದಿಲ್ಲ, ಇಂಜಿನ್ನೂ ಹೋಗುತ್ತದೆ, ಆ ಕಡೆಯವರಿಗೆ ಉಳಿದ ಒಂದೇ ದಾರಿಯೂ ಹೋಗುತ್ತದೆ. ಅಲ್ಲಿ ಮಳೆಯಲ್ಲಿ ನಿಂತು ಇನ್ನೊಂದು ಲೆಕ್ಕ ಹಾಕಿದೆ. ಗಾಡಿ ಮತ್ತು ಇಂಜಿನ್ನು ಕೂಡಿದರೆ ಭಾರ. ಬಿಡಿಸಿದರೆ ಇಂಜಿನ್ನೊಂದೇ ಆರೂವರೆ ಕ್ವಿಂಟಲ್. ಅದನ್ನು ಬಲಬದಿಗೇ ಉರುಳಿಸಿಕೊಂಡು ಒಯ್ಯಬಹುದು.

ಕಟ್ಟಿಗೆ ಉರುಳಿಸುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಅಪ್ಪ, ಕಾಕಾ, ಕೇರಿಯ ಅರ್ಧ ಗಂಡಸರು ಕಟ್ಟಿಗೆ ಡಿಪೋಗಳಲ್ಲಿ ದಿಮ್ಮಿ ಹೇರಿದವರು. ನನ್ನ ಕಾಲಬೆರಳಿನ ಒಂದು ಉಗುರು ಇವತ್ತಿಗೂ ಇಲ್ಲದಿರುವುದು ಆ ಕೆಲಸದ ಗುರುತೇ. ಮುಕಾದಮನಿಗೆ ಹೇಳಿದೆ: “ಇಂಜಿನ್ ಇಲ್ಲೇ ಇಳಸ್ತೇನಿ. ಗಾಡಿ ಖಾಲಿ ದಾಟತದ. ಇಂಜಿನ್ ಹಿಂದಿಂದ ಉರುಳಿಸಿಕೊಂಡು ಬರೂಣು. ನಿಮ್ಮ ಮಂದಿ ಕೈ ಕೊಡ್ತಾರೇನು?”

ಅವನು ಹಲಗೆ ನೋಡಿದ, ನನ್ನನ್ನು ನೋಡಿದ. “ಹಗ್ಗ ಯಾರ ಕೈಯಾಗ?”

“ನಿಮ್ಮ ಕೈಯಾಗ. ನೀವು ನಿಲ್ಲಂದ್ರ ನಿಲ್ಲೂದು.”

ಲಾರಿಯಾಗಿದ್ದರೆ ಎದೆಯೆತ್ತರದಿಂದ ಆರೂವರೆ ಕ್ವಿಂಟಲ್ ಇಳಿಸುವ ಮಾತೇ ಇರಲಿಲ್ಲ. ವ್ಯಾನಿನ ನೆಲಕ್ಕೆ ಎರಡು ಹಲಗೆ ಹಚ್ಚಿ, ಹಿಂದಿನಿಂದ ಹಗ್ಗದಲ್ಲಿ ಹಿಡಿದು, ಮತ್ತಿ ಕಟ್ಟಿಗೆಯ ಮೇಲೆ ಕುಳಿತ ಇಂಜಿನ್ನನ್ನು ಇಂಚಿಂಚಾಗಿ ಜಾರಿಸಿದೆವು. ತಾಡಪತ್ರಿ ಸುತ್ತಿದೆವು. ಅಗತ್ಯ ಬಿದ್ದರೆ ಜಿಗಿಯಲೆಂದು ನನ್ನ ಬದಿಯ ಬಾಗಿಲು ತೆರೆದಿಟ್ಟುಕೊಂಡೇ ಖಾಲಿ ಗಾಡಿಯನ್ನು ದಾಟಿಸಿದೆ. ಆಚೆ ಬದಿಗೆ ರಸ್ತೆಯಂಚು ಇಳಿಜಾರಿದ್ದ ಒಂದು ಕಡೆ ಹಿಂಬಾಗಿಲು ರಸ್ತೆಗೆ ಮುಖವಾಗಿರುವಂತೆ ಹಿಂದಿನ ಗಾಲಿಗಳನ್ನು ತಗ್ಗಿಗೆ ಇಳಿಸಿ ನಿಲ್ಲಿಸಿದೆ. ಗಾಡಿಯ ನೆಲ ಹೆಚ್ಚುಕಡಿಮೆ ರಸ್ತೆಯ ಮಟ್ಟಕ್ಕೆ ಬಂತು.

ನನ್ನ ಬಳಿ ಮೂರು ಕಬ್ಬಿಣದ ಕೊಳವೆಗಳಿದ್ದವು. ಅವನ್ನು ಅಡಿಗೆ ಕೊಟ್ಟು ಇಂಜಿನ್ನನ್ನು ತಳ್ಳತೊಡಗಿದೆವು. ಗ್ಯಾಂಗಿನ ಐದು ಜನ, ಆಸ್ಪತ್ರೆಯ ಇಬ್ಬರು, ನಾನು. ಹಿಂದಿನ ಕೊಳವೆ ಹೊರಬಂದಾಗ ಅದನ್ನು ಮುಂದೆ ತಂದು ಕೊಡುವುದು ನನ್ನ ಕೆಲಸ. ಹೊತ್ತು ತಪ್ಪಿದರೆ ಬೆರಳು ಹೋಗುತ್ತದೆ, ಅದಕ್ಕೇ ಬೇರೆ ಯಾರಿಗೂ ಬಿಡಲಿಲ್ಲ. ಮುಕಾದಮ ಹಗ್ಗವನ್ನು ಒಂದು ಮರಕ್ಕೆ ಸುತ್ತಿ ತುದಿ ಹಿಡಿದು ನಿಂತಿದ್ದ. ನಡುವಿಗೆ ಬಂದಾಗ ಹಲಗೆ ಕಿರುಗುಟ್ಟಿತು. ಅವನು “ನಿಂದರ್ರಿ!” ಎಂದ. ಎಂಟು ಜನ ಉಸಿರು ಹಿಡಿದು ನಿಂತೆವು. ಅವನು ಹಗ್ಗವನ್ನು ಇನ್ನೊಬ್ಬನಿಗೆ ಕೊಟ್ಟು, ಬಂದು, ಹಲಗೆಯ ಅಡಿಗೆ ಒಂದು ಬೆಣೆ ಬಡಿದು, ತಾನೇ ಅದರ ಮೇಲೆ ನಿಂತು ಕುಕ್ಕಿ ನೋಡಿದ. ಆಮೇಲೆ “ಹೂಂ, ಸಾವಕಾಶ” ಎಂದ.

ಇಪ್ಪತ್ತು ಅಡಿಗೆ ಮುಕ್ಕಾಲು ತಾಸು ಹಿಡಿಯಿತು. ಇಂಜಿನ್ನು ಜಾರಿ ವ್ಯಾನಿನೊಳಗೆ ಸೇರಿ, ನಾನು ಬಾಗಿಲು ಹಾಕಿದಾಗ ನನ್ನ ಅಂಗೈ ಸಿಪ್ಪೆ ಎದ್ದಿತ್ತು. ಗ್ಯಾಂಗಿನವರು ನಗುತ್ತ ತಮ್ಮ ಕೈಗಳನ್ನೂ ತೋರಿಸಿದರು. ಎಲ್ಲರದೂ ಹಾಗೆಯೇ.

ಆಸ್ಪತ್ರೆಯಲ್ಲಿ ಚಾಚಾ ಚೌಕಟ್ಟನ್ನು ಮಟ್ಟ ಮಾಡಿ ಕೂರಿಸಿ, ಆಲ್ಟರ್ನೇಟರು ಬಿಗಿದು, ಕೈ ಒರೆಸಿಕೊಂಡು ಕಾಯುತ್ತಿದ್ದರು. ಶೆಡ್ಡಿನ ಬಾಗಿಲಿಗೆ ಗಾಡಿಯ ಹಿಂಭಾಗ ಹಚ್ಚಿ ಇಂಜಿನ್ನನ್ನು ನೇರವಾಗಿ ಚೌಕಟ್ಟಿನ ಮೇಲಕ್ಕೇ ಸರಿಸಿದೆವು. ಹಾರೆಕೋಲಿನಿಂದ ಒಂದೊಂದು ಕಾಲು ಎತ್ತಿ ಕಟ್ಟಿಗೆ ತೆಗೆದು, ಬಟ್ಟೆಯ ಗಂಟು ಬಿಚ್ಚಿ, ಚೀಟಿ ಓದಿ, ಆಯಾ ತಗಡಿನ ಚೂರು ಆಯಾ ಕಾಲಿಗೆ. ಉಳಿಯ ಗೆರೆಗಳು ಒಂದಕ್ಕೊಂದು ಸೇರುವವರೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಎಲ್ಲ ಗೆರೆ ಸೇರಿದ ಮೇಲೂ ಚಾಚಾ ತೃಪ್ತರಾಗದೆ ಕಪ್ಲಿಂಗಿನ ಸುತ್ತ ಬೆರಳಾಡಿಸಿ, ಕಣ್ಣು ಮುಚ್ಚಿ, ಮತ್ತೆ ಆಡಿಸಿ, “ಬೈಠ್ ಗಯಾ” ಎಂದರು. ಕೂತಿತು.

ದೀಪ ಹಚ್ಚುವ ಹೊತ್ತಿಗೆ ಹ್ಯಾಂಡಲ್ ಹಾಕಿದೆವು. ಮೊದಲ ಸಲ ಕೆಮ್ಮಿ ನಿಂತಿತು. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿತ್ತು. ಆ ಗಾಳಿಯನ್ನು ಹೊರಬಿಟ್ಟು ಎರಡನೆಯ ಸಲ ಹಾಕಿದಾಗ ಹಿಡಿಯಿತು. ಚಾಚಾ ಒಂದು ಲೋಟದಲ್ಲಿ ನೀರು ತುಂಬಿ ಚೌಕಟ್ಟಿನ ಮೇಲಿಟ್ಟರು. ನೀರಿನ ಮೇಲೆ ಸಣ್ಣ ಸುಕ್ಕು ಎದ್ದಿತೇ ಹೊರತು ಒಂದು ಹನಿ ಚೆಲ್ಲಲಿಲ್ಲ. ಅವರು ಲೋಟ ಎತ್ತಿ ಆ ನೀರನ್ನು ಕುಡಿದು, ಖಾಲಿ ಲೋಟ ನನ್ನ ಕೈಗೆ ಕೊಟ್ಟರು.

ಕಾಡಿನ ದಾರಿಯಲ್ಲಿ ಕತ್ತಲಲ್ಲಿ ತಿರುಗುವುದು ಬೇಡವೆಂದು ಅಲ್ಲಿಯೇ ಉಳಿದೆವು. ಬೆಳಿಗ್ಗೆ ಎದ್ದಾಗಲೂ ಶೆಡ್ಡಿನಿಂದ ಅದೇ ಸಮವಾದ ಸದ್ದು. ಬಿಲ್ಟಿಗೆ ಸಹಿ ಮಾಡಿಸಿ, ಸಿಕ್ಕಾ ಒತ್ತಿಸಿಕೊಳ್ಳಲು ಡಾಕ್ಟರ್ ಬಾಯಿಯ ಕೋಣೆಗೆ ಹೋದೆ. ಅವರು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಕಟ್ಟಿಗೆಯ ಒಂದು ಪೆಟ್ಟಿಗೆ, ಮೇಲೆ ಎರಡು ಬಲ್ಬು, ಅದರ ಹಳದಿ ಬೆಳಕಿನಲ್ಲಿ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಿರಬಹುದಾದ ಹೆಣ್ಣುಕೂಸು. ಕಾಲು ಆಡಿಸುತ್ತಿತ್ತು. ತಾಯಿ ಗೋಡೆಗೆ ಒರಗಿದಲ್ಲೇ ಸತ್ತಂತೆ ನಿದ್ದೆ ಹೋಗಿದ್ದಳು. ಅಜ್ಜಿ ಮಾತ್ರ ಪೆಟ್ಟಿಗೆಯ ಪಕ್ಕ ಎಚ್ಚರವಾಗಿ ಕುಳಿತಿದ್ದಳು. ದಿನಗಟ್ಟಲೆ ಎದೆಗೆ ಅವಚಿಕೊಂಡ ರೂಢಿಗೆ ಇನ್ನೂ ಎರಡೂ ತೋಳು ಮಡಚಿಯೇ ಇದ್ದಳು.

“ಇಲ್ಲಿ ಸಹಿ ಬೇಕ್ರಿ, ಸಿಕ್ಕಾ ಸುದ್ದಾ” ಎಂದು ಬಿಲ್ಟಿ ಮುಂದೆ ಹಿಡಿದೆ.

ಡಾಕ್ಟರ್ ಬಾಯಿ ಬಿಲ್ಟಿ ಓದಿದರು. ಸಿಕ್ಕಾದ ಮಸಿಪೆಟ್ಟಿಗೆ ತಂದರು. “ಮಾಲು ಮುಟ್ಟಿದ್ದು ನನಗಲ್ಲ. ಯಾರಿಗೆ ಮುಟ್ಟೇದೋ ಅವರ ಕಡಿಂದನ ತಗೋರಿ” ಎಂದು ಅಜ್ಜಿಯ ಹತ್ತಿರ ಕುಳಿತು ಕೊಂಕಣಿಯಲ್ಲಿ ಏನೋ ಹೇಳಿದರು. ಅಜ್ಜಿ ಮಡಚಿದ ತೋಳು ಬಿಡಿಸಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮಸಿಗೆ ಅದ್ದಿ, ‘ಮಾಲು ಸುಸ್ಥಿತಿಯಲ್ಲಿ ಮುಟ್ಟಿದೆ’ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಬಲವಾಗಿ ಒತ್ತಿದಳು.

ಮಧ್ಯಾಹ್ನ ಹಳಿಯಾಳಕ್ಕೆ ಬಂದು ಬಿಲ್ಟಿಯನ್ನು ಮೇಜಿನ ಮೇಲಿಟ್ಟೆ. ವೈನಿ ಕನ್ನಡಕ ಏರಿಸಿಕೊಂಡರು.

“ಸಿಕ್ಕಾ ಎಲ್ಲೈತಿ? ಇದು ಯಾರ ಹೆಬ್ಬೆಟ್ಟು?”

“ಕೂಸಿನ ಅಜ್ಜಿದ್ರಿ.”

ಅವರು ಬಿಲ್ಟಿ ಪುಸ್ತಕ ತೆರೆಯಲಿಲ್ಲ. ಮೇಜಿನ ಗಾಜನ್ನು ಒಂದು ಬದಿ ಎತ್ತಿ, ಆ ಚೀಟಿಯನ್ನು ಅದರ ಕೆಳಗೆ ನೇರವಾಗಿ ಸರಿಸಿ, ಗಾಜನ್ನು ಸೆರಗಿನಿಂದ ಒರೆಸಿದರು.